ಮಗ ಅಮೆರಿಕದ ಪಾಸ್ಟರ್‌ಗಳ ವಿಡಿಯೋ ನೋಡಿ ನನ್ನನ್ನೇ ಲಿಬರಲ್ ಅನ್ನುತ್ತಿದ್ದಾನೆ, ಏನು ಹೇಳಲಿ?

ಬನ್ನಿಮಂಟಪದ ಅಪ್ಪ

ಎಲ್ಲರಿಗೂ ವಂದನೆ. ನಾನು ಮೈಸೂರಿನ ಪ್ರೊಟೆಸ್ಟೆಂಟ್ ಕ್ರೈಸ್ತ, ಸಿಎಸ್‌ಐ ಸಭೆಯವನು. ಎರಡು ತಿಂಗಳಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಮನೆಯಲ್ಲಿ ಎತ್ತಿದರೆ ಜಗಳ ಆಗುತ್ತದೆ, ಸಭಾಪಾಲಕರ ಹತ್ತಿರ ಹೇಳಲು ಸಂಕೋಚ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗನಿಗೆ 23 ವರ್ಷ. ಕೆಲಸ ಸಿಕ್ಕಿದೆ, ಮನೆಯಿಂದಲೇ ಮಾಡುತ್ತಾನೆ. ಒಳ್ಳೆಯ ಹುಡುಗ, ಕುಡಿಯೋದಿಲ್ಲ, ಸೇದೋದಿಲ್ಲ, ಸತ್ಯವೇದ ನನಗಿಂತ ಜಾಸ್ತಿ ಓದುತ್ತಾನೆ. ಒಂದು ವರ್ಷದಿಂದ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅಮೆರಿಕದ ಪಾಸ್ಟರ್‌ಗಳ ಪ್ರಸಂಗ ಕೇಳುತ್ತಾನೆ. ಮೊದಲು ನನಗೂ ಸಂತೋಷವೇ ಆಯಿತು. ಈಗ ಪ್ರಸಂಗದ ಜೊತೆಗೆ ಅವರ ರಾಜಕೀಯವೂ ಬಂದು ಊಟದ ಮೇಜಿನ ಮೇಲೆ ಕೂತಿದೆ.

ಹೋದ ಭಾನುವಾರ ಆರಾಧನೆ ಮುಗಿಸಿ ಬಂದು ಊಟಕ್ಕೆ ಕೂತಿದ್ದೆವು. ಅನ್ನದ ಮೇಲೆ ಸಾರು ಹಾಕಿಸಿಕೊಳ್ಳುತ್ತಾ ಕೇಳಿದ, "ಅಪ್ಪ, 2024ರ ಏಪ್ರಿಲ್‌ನಲ್ಲಿ ನೀವು ಯಾರಿಗೆ ವೋಟು ಹಾಕಿದಿರಿ?" ನಾನು ಹೇಳಲಿಲ್ಲ. ನಮ್ಮಪ್ಪನೂ ನನಗೆ ಯಾವತ್ತೂ ಹೇಳಿರಲಿಲ್ಲ. ಅವನು ಬಿಡಲಿಲ್ಲ. ಗರ್ಭಪಾತವನ್ನು ವಿರೋಧಿಸದ ಪಕ್ಷಕ್ಕೆ ವೋಟು ಹಾಕುವುದು ಪಾಪ, ನಿಜವಾದ ಕ್ರೈಸ್ತ ಬಲಪಂಥದಲ್ಲೇ ಇರಬೇಕು, ಬಂದೂಕು ಇಟ್ಟುಕೊಳ್ಳುವ ಹಕ್ಕು ದೇವರು ಕೊಟ್ಟದ್ದು, ಸರ್ಕಾರ ಬಡವರಿಗೆ ದುಡ್ಡು ಹಂಚಿದರೆ ಅದು ಸಮಾಜವಾದ, ಹೀಗೆ ಒಂದರ ಹಿಂದೆ ಒಂದು. ನಾನು ಒಂದೇ ಕೇಳಿದೆ, "ನಮ್ಮಲ್ಲಿ ಯಾವ ಪಕ್ಷದ ಪ್ರಣಾಳಿಕೆಯಲ್ಲಿ ಗರ್ಭಪಾತದ ಮಾತಿದೆಯಪ್ಪ?" ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ "ನೀವು ಲಿಬರಲ್ ಅಪ್ಪ" ಅಂದುಬಿಟ್ಟ.

ನಾನು ಲಿಬರಲ್ಲಾ? ನಮ್ಮ ಮನೆಯಲ್ಲಿ ಭಾನುವಾರ ಅಂಗಡಿಗೆ ಹೋಗುವುದಿಲ್ಲ. ರಾತ್ರಿ ಎಂಟಕ್ಕೆ ಟಿವಿ ಆರಿಸಿ ಕುಟುಂಬ ಪ್ರಾರ್ಥನೆ, ಯಾರು ಬಂದಿದ್ದರೂ ಸರಿ. ಮದುವೆ ಅಂದರೆ ಒಂದು ಗಂಡು ಒಂದು ಹೆಣ್ಣು, ಸಾಯುವ ತನಕ. ಹೊಟ್ಟೆಯಲ್ಲಿರುವ ಮಗುವೂ ಮಗುವೇ. ಇದೆಲ್ಲ ನಾನು ಯಾವ ವಿಡಿಯೋ ನೋಡಿಯೂ ಕಲಿತಿದ್ದಲ್ಲ, ನಮ್ಮ ಅಜ್ಜಿ ಕಲಿಸಿದ್ದು. ಆದರೆ ಆ ಅಜ್ಜಿಯ ನಂಬಿಕೆಗೂ ಅಮೆರಿಕದ ಬಂದೂಕಿಗೂ ಏನು ಸಂಬಂಧ ಅಂತ ನನಗೆ ತಿಳಿಯುತ್ತಿಲ್ಲ.

ಇನ್ನೊಂದು ಮಾತು. ಬಲಪಂಥ ಅಂದರೆ ಎಲ್ಲ ಕಡೆ ಒಂದೇ ಅಂತ ಅವನು ತಿಳಿದಿದ್ದಾನೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ಕಾನೂನು ನೋಡಿ. ಒಬ್ಬ ಮನುಷ್ಯ ತನ್ನ ನಂಬಿಕೆ ಬದಲಿಸಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ 30 ದಿನ ಮೊದಲೇ ಬರೆದು ಕೊಡಬೇಕು. ಅದನ್ನು ತಂದದ್ದು ಇಲ್ಲಿನ ಬಲಪಂಥದ ಸರ್ಕಾರವೇ. ಹಾಗಂತ ಇನ್ನೊಂದು ಪಕ್ಷ ನಮ್ಮ ನೀತಿಯನ್ನೆಲ್ಲ ಒಪ್ಪಿಕೊಂಡಿದೆ ಅಂತಲೂ ಅಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವು ನೂರಕ್ಕೆ 1.87. ಇಷ್ಟು ಜನ ಇರುವ ಕಡೆ ರಾಜಕೀಯದಲ್ಲಿ ಹೇಗೆ ನಿಲ್ಲಬೇಕು, ಮಗನಿಗೆ ಏನು ಹೇಳಬೇಕು? ಅವನನ್ನು ಸೋಲಿಸುವುದು ನನಗೆ ಬೇಡ. ಅವನ ನಂಬಿಕೆ ಉಳಿಯಬೇಕು, ಅಷ್ಟೇ.

ಹಳೇ ಮೇಷ್ಟ್ರು

ವಂದನೆ. ನಾನು 31 ವರ್ಷ ಚರಿತ್ರೆ ಪಾಠ ಮಾಡಿದವನು, ನಿಮ್ಮ ಹಾಗೇ ಹಳೇ ಕಾಲದ ಕ್ರೈಸ್ತ. ಮಗನ ಹತ್ತಿರ ವಾದ ಮಾಡಬೇಡಿ, ಅವನಿಗೆ ಆ ದೇಶದ ಚರಿತ್ರೆ ಹೇಳಿ. ವಿಡಿಯೋದಲ್ಲಿ ಅದು ಬರುವುದಿಲ್ಲ.

ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಭೆ ಅಲ್ಲಿನ ಅತಿ ದೊಡ್ಡ ಪ್ರೊಟೆಸ್ಟೆಂಟ್ ಸಭೆ, ಈಗ ಗರ್ಭಪಾತ ವಿರೋಧದಲ್ಲಿ ಮುಂದೆ ನಿಂತಿರುವವರು. ಅದೇ ಸಭೆ 1971ರಲ್ಲಿ ಒಂದು ನಿರ್ಣಯ ಮಾಡಿತ್ತು. ಅತ್ಯಾಚಾರ ಆದಾಗ, ಭ್ರೂಣದಲ್ಲಿ ದೊಡ್ಡ ದೋಷ ಇದ್ದಾಗ, ತಾಯಿಯ ದೇಹಕ್ಕೋ ಮನಸ್ಸಿಗೋ ಹಾನಿ ಆಗುವ ಹಾಗಿದ್ದರೆ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬರಲಿ ಅಂತ. 1973ರ ಜನವರಿಯಲ್ಲಿ ಗರ್ಭಪಾತ ಹೆಂಗಸಿನ ಹಕ್ಕು ಅಂತ ಅಲ್ಲಿನ ಸುಪ್ರೀಂ ಕೋರ್ಟಿನ ರೋ ತೀರ್ಪು ಬಂದಾಗ ಬೀದಿಗೆ ಇಳಿದವರಲ್ಲಿ ಜಾಸ್ತಿ ಜನ ಕ್ಯಾಥೋಲಿಕರು. ಪಾಸ್ಟರ್ ಜೆರ್ರಿ ಫಾಲ್ವೆಲ್ ಮಾರಲ್ ಮೆಜಾರಿಟಿ ಅನ್ನುವ ಸಂಘ ಕಟ್ಟಿದ್ದು 1979ರಲ್ಲಿ. ಮರುವರ್ಷದ ಚುನಾವಣೆಯಲ್ಲಿ ಆ ಸಂಘ ಬಲಪಂಥದ ರಿಪಬ್ಲಿಕನ್ ಪಕ್ಷದ ರೇಗನ್ ಪರ ನಿಂತಿತು. ಎದುರಿಗೆ ಇದ್ದವರು ಡೆಮಾಕ್ರಟಿಕ್ ಪಕ್ಷದ ಜಿಮ್ಮಿ ಕಾರ್ಟರ್, ತಾವೇ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಬ್ಯಾಪ್ಟಿಸ್ಟ್. ಅಂದರೆ ಈಗ ನಿಮ್ಮ ಮಗ ಒಂದೇ ಗಂಟು ಅಂದುಕೊಂಡಿರುವುದನ್ನು ನಮ್ಮ ವಯಸ್ಸಿನವರ ಕಣ್ಣೆದುರೇ ಕಟ್ಟಿದರು. ಅದರೊಳಗೆ ಸುವಾರ್ತೆಯ ಮಾತೂ ಇದೆ, ಆ ದೇಶದ ತೆರಿಗೆ ಜಗಳವೂ ಇದೆ, ದಕ್ಷಿಣದ ರಾಜ್ಯಗಳ ಹಳೇ ಸಿಟ್ಟೂ ಇದೆ.

ಇನ್ನೊಂದು ಕೇಳಿ. ಅಲ್ಲಿನ ಕಪ್ಪು ಜನರ ಸಭೆಗಳಿವೆಯಲ್ಲ, ಅವರ ಪ್ರಾರ್ಥನೆ, ಉಪವಾಸ, ಮದುವೆಯ ಬಗ್ಗೆ ಅವರ ಮಾತು, ಎಷ್ಟೋ ಕಡೆ ಬಿಳಿಯರ ಸಭೆಗಿಂತ ಬಿಗಿ. ಆದರೆ ಅವರಲ್ಲಿ ಬಹುಪಾಲು ಜನ ವೋಟು ಹಾಕುವುದು ಡೆಮಾಕ್ರಟಿಕ್ ಪಕ್ಷಕ್ಕೆ. ಅದೇ ಸತ್ಯವೇದ, ಅದೇ ಯೇಸು. ಗುಲಾಮಗಿರಿ ಕಂಡ ಜನ, ಆಮೇಲೆ 1965ರ ತನಕ ದಕ್ಷಿಣದಲ್ಲಿ ನೆಟ್ಟಗೆ ವೋಟು ಹಾಕಲು ಬಿಡದೆ ಇದ್ದದ್ದನ್ನು ಕಂಡ ಜನ, ಸರ್ಕಾರ ಅಂದರೆ ಅವರಿಗೆ ಬೇರೆಯೇ ಅರ್ಥ. ಮಗನಿಗೆ ಇದೊಂದು ಕೇಳಿ, ಅವರು ಕ್ರೈಸ್ತರು ಹೌದೋ ಅಲ್ಲವೋ ಅಂತ.

ಇನ್ನು ನಮ್ಮ ಕಡೆ. ಸಂವಿಧಾನ ಬರೆಯುವ ಕಾಲದಲ್ಲಿ ನಮ್ಮವರಿಗೂ ಮೀಸಲು ಕ್ಷೇತ್ರ ಕೇಳುವ ಅವಕಾಶ ಇತ್ತು. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದವರು ಬಂಗಾಳದ ಕ್ರೈಸ್ತರು, ಹರೇಂದ್ರ ಕುಮಾರ್ ಮುಖರ್ಜಿ. ಮದ್ರಾಸಿನಿಂದ ಫಾದರ್ ಜೆರೋಮ್ ಡಿಸೋಜ ಇದ್ದರು. ಬೇಡ, ನೆರೆಹೊರೆಯವರ ಜೊತೆಗೇ ನಿಂತು ವೋಟು ಹಾಕುತ್ತೇವೆ ಅಂತ ಒಪ್ಪಿದರು, 1949ರಲ್ಲಿ ಆ ಮೀಸಲು ಹೋಯಿತು. ಅದು ಹೆದರಿ ಬಿಟ್ಟದ್ದಲ್ಲ, ನಂಬಿ ಬಿಟ್ಟದ್ದು. ಬಾಬೆಲಿಗೆ ಸೆರೆ ಹೋದ ಜನರಿಗೆ ಯೆರೆಮೀಯ ಪತ್ರ ಬರೆದನಲ್ಲ, ನೀವಿರುವ ಪಟ್ಟಣದ ಕ್ಷೇಮ ಹುಡುಕಿ ಅಂತ, 29ನೇ ಅಧ್ಯಾಯ. ನಾವು ಈ ಮಣ್ಣಿನಲ್ಲಿ ಸೆರೆಯಾಳುಗಳಲ್ಲ, ಇಲ್ಲೇ ಹುಟ್ಟಿದವರು. ಆದರೂ ನನ್ನ ಮಟ್ಟಿಗೆ ನಮ್ಮ ರಾಜಕೀಯ ಆ ಪತ್ರದಲ್ಲಿದೆ.

ಹೆಬ್ಬಾಳ್ ಹುಡುಗ

ಅಂಕಲ್, ನಾನು ನಿಮ್ಮ ಮಗನ ಕಡೆ. ಮೇಷ್ಟ್ರು ಹೇಳಿದ ಚರಿತ್ರೆ ಸರಿ ಇರಬಹುದು. ಆದರೆ ಅವನು ಯಾಕೆ ಅಲ್ಲಿಗೆ ಹೋದ ಅಂತ ಯಾರೂ ಕೇಳಲಿಲ್ಲ.

ನನಗೆ 26. ಮೈಸೂರಿನ ಹೆಬ್ಬಾಳದಲ್ಲಿ ಕೆಲಸ. ಹತ್ತೊಂಬತ್ತು ವರ್ಷಕ್ಕೆ ಫೋನಿನಲ್ಲಿ ಹೊಲಸು ನೋಡುವ ಚಟಕ್ಕೆ ಬಿದ್ದೆ. ಮೂರು ವರ್ಷ. ಪ್ರತಿ ಭಾನುವಾರ ಸಭೆಗೆ ಹೋಗುತ್ತಿದ್ದೆ, ಕ್ವಾಯರ್‌ನಲ್ಲಿ ಹಾಡುತ್ತಿದ್ದೆ, ರಾತ್ರಿ ಮತ್ತೆ ಅದೇ. ಆ ಮೂರು ವರ್ಷದಲ್ಲಿ ನಮ್ಮ ಸಭೆಯ ಪ್ರಸಂಗದಲ್ಲಿ ಒಂದೇ ಒಂದು ಸಲ ಅದರ ಮಾತು ಬರಲಿಲ್ಲ. ಕಟ್ಟಡ ನಿಧಿಯ ಮಾತು ಬಂತು, ಕಮಿಟಿ ಚುನಾವಣೆಯ ಮಾತು ಬಂತು. ಕೊನೆಗೆ ಒಂದು ರಾತ್ರಿ ಎರಡು ಗಂಟೆಗೆ ಯಾರೋ ಅಮೆರಿಕದ ಪಾಸ್ಟರ್ ಅದೇ ವಿಷಯ ನೇರವಾಗಿ ಮಾತಾಡುವುದನ್ನು ಕೇಳಿದೆ. ಬೈಯಲಿಲ್ಲ, ಮುಚ್ಚಿಡಲೂ ಇಲ್ಲ. ಪಾಪ ಅಂತ ಹೆಸರಿಟ್ಟು ಕರೆದರು, ಆಚೆ ಬರುವ ದಾರಿ ಇದೆ ಅಂದರು. ನಾನು ನೆಲದ ಮೇಲೆ ಕೂತು ಅತ್ತೆ. ಅಂಥ ಮನುಷ್ಯ ಆಮೇಲೆ ರಾಜಕೀಯ ಮಾತಾಡಿದರೂ ನನ್ನಂಥವನು ಕಿವಿಗೊಟ್ಟು ಕೇಳುತ್ತಾನೆ. ಬದುಕು ಉಳಿಸಿದವರ ಮಾತು ಅಲ್ವಾ.

2023ರ ಅಕ್ಟೋಬರ್‌ನಲ್ಲಿ ಒಂದೇ ಲಿಂಗದವರ ಮದುವೆ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು, ಅದನ್ನು ಹಕ್ಕು ಅಂತ ಒಪ್ಪಲಿಲ್ಲ. ನನ್ನ ಆಫೀಸಿನಲ್ಲಿ ವಾರಪೂರ್ತಿ ಅದೇ ಚರ್ಚೆ. ನೀನು ಕ್ರೈಸ್ತ, ನೀನು ಏನಂತೀಯ ಅಂತ ಕೇಳಿದರು. ನಮ್ಮ ಸಭೆಯಲ್ಲಿ ಯಾರೂ ನನಗೆ ಉತ್ತರ ಕಲಿಸಿರಲಿಲ್ಲ. ಸತ್ಯವೇದದ ಪ್ರಕಾರ ಮದುವೆ ಏನು ಅಂತ ಹೇಳಬೇಕು, ಎದುರಿಗೆ ಕೂತ ಗೆಳೆಯನನ್ನು ಕೀಳು ಮಾಡಬಾರದು, ಎರಡೂ ಒಟ್ಟಿಗೆ ಹೇಗೆ? ಅದನ್ನೂ ವಿಡಿಯೋದಲ್ಲೇ ಹುಡುಕಿದೆ.

ರಾಜಕೀಯ ಬೇಡ, ಪ್ರಾರ್ಥನೆ ಸಾಕು ಅನ್ನುವ ಹಿರಿಯರ ಮಾತೂ ನನಗೆ ಹಿಡಿಸುವುದಿಲ್ಲ. ವಿಲ್ಬರ್‌ಫೋರ್ಸ್ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಇಪ್ಪತ್ತು ವರ್ಷ ಬಡಿದಾಡದೆ ಇದ್ದಿದ್ದರೆ 1807ರಲ್ಲಿ ಗುಲಾಮರ ವ್ಯಾಪಾರ ನಿಲ್ಲುತ್ತಿತ್ತಾ? 1829ರಲ್ಲಿ ಸತಿ ನಿಷೇಧ ಆಗಿದ್ದಕ್ಕೆ ರಾಮಮೋಹನ ರಾಯರ ಜೊತೆಗೆ ಮಿಷನರಿ ವಿಲಿಯಂ ಕೆರಿಯ ಹಟವೂ ಕಾರಣ. ಅವರೆಲ್ಲ ಕಟ್ಟಾ ನಂಬಿಕೆಯವರು, ಕಾನೂನು ಬದಲಿಸಲು ಹೋದವರು. ಬಂದೂಕಿನ ಮಾತು ಬಿಡಿ, ಅದು ನನಗೂ ಬೇಡ. ಆದರೆ ಹುಡುಗನ ಬೆಂಕಿ ಆರಿಸಬೇಡಿ.

ಲೇಬರ್ ವಾರ್ಡ್ ಸಿಸ್ಟರ್, ಮಂಡ್ಯ

ನಾನು ಕ್ಯಾಥೋಲಿಕಳು. ಕನ್ಯಾಸ್ತ್ರೀ ಅಲ್ಲ, ನರ್ಸ್. 19 ವರ್ಷದಿಂದ ಹೆರಿಗೆ ವಾರ್ಡಿನಲ್ಲೇ ಇದ್ದೇನೆ. ಇಲ್ಲಿ ಎಲ್ಲರೂ ಗರ್ಭಪಾತ ಗರ್ಭಪಾತ ಅಂತ ಬರೆದಿದ್ದೀರಿ, ಅದಕ್ಕೆ ನಾನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನನ್ನ ನಿಲುವು. ಜೀವ ಗರ್ಭ ಕಟ್ಟಿದ ದಿನದಿಂದ ಜೀವ. ನಮ್ಮ ಧರ್ಮಸಭೆ ಹಾಗೆ ಕಲಿಸುತ್ತದೆ, ನಾನು ಹಾಗೆ ನಂಬುತ್ತೇನೆ, ಇದರಲ್ಲಿ ನನಗೆ ಅನುಮಾನ ಇಲ್ಲ. ನಮ್ಮ ದೇಶದ ಕಾನೂನು ಬೇರೆ ಹೇಳುತ್ತದೆ, 1971ರಿಂದ ಗರ್ಭಪಾತಕ್ಕೆ ಅವಕಾಶ ಇದೆ, 2021ರಲ್ಲಿ ಕೆಲವು ಸಂದರ್ಭಗಳಲ್ಲಿ 24 ವಾರದ ತನಕ ಅಂತ ಮಾಡಿದರು. ಮೊದಲು ಕೆಲಸ ಮಾಡುತ್ತಿದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ ಅಂತ ಹೇಳಿದೆ. ಬೈಸಿಕೊಂಡೆ, ಎರಡು ತಿಂಗಳು ರಾತ್ರಿ ಪಾಳಿಯೇ ಹಾಕಿದರು, ಆಮೇಲೆ ಬಿಟ್ಟೆ. ಆ ಬಗ್ಗೆ ಈಗ ಬೇಸರ ಇಲ್ಲ.

ಈಗ ಮಂಡ್ಯದ ವಿಷಯ. 2023ರ ಕೊನೆಗೆ ಪೇಪರಿನಲ್ಲಿ ಬಂತಲ್ಲ, ನೆನಪಿದೆಯಾ? ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ನೋಡುತ್ತಿದ್ದರು. ಹೆಣ್ಣಾದರೆ ಮುಂದಿನ ಏರ್ಪಾಟು. ಲಿಂಗ ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ. ಬೆಲ್ಲ ಬೇಯಿಸುವ ಜಾಗ. ನಾವು ಚಿಕ್ಕವರಿದ್ದಾಗ ಬಿಸಿ ಬೆಲ್ಲ ತಿನ್ನಲು ಓಡುತ್ತಿದ್ದ ಜಾಗ. ಆ ಪೇಪರ್ ಓದಿ ನಾನು ಅವತ್ತು ಊಟ ಮಾಡಲಿಲ್ಲ.

ಅದರ ಮುಂದಿನ ಭಾನುವಾರ ನಾವು ಎಷ್ಟು ಜನ ಅದಕ್ಕಾಗಿ ಪ್ರಾರ್ಥನೆ ಮಾಡಿದೆವು? ಎಷ್ಟು ಸಭೆಗಳು ಒಂದು ಮೆರವಣಿಗೆ ಮಾಡಿದವು? ಅಮೆರಿಕದ ಕೋರ್ಟು 2022ರ ಜೂನ್‌ನಲ್ಲಿ ರೋ ತೀರ್ಪು ರದ್ದು ಮಾಡಿದಾಗ ನನ್ನ ವಾಟ್ಸಾಪಿನಲ್ಲಿ ಸ್ತೋತ್ರದ ಮೇಲೆ ಸ್ತೋತ್ರ ಬಂದವು. ಆಲೆಮನೆ ಸುದ್ದಿಗೆ ಅದೇ ಗುಂಪುಗಳಲ್ಲಿ ಒಂದೂ ಬರಲಿಲ್ಲ. ಮಗನನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ, ನಾನೂ ಅದೇ ಗುಂಪಿನಲ್ಲಿದ್ದೆ, ನಾನೂ ಕಳಿಸಲಿಲ್ಲ.

ವಾರ್ಡಿನಲ್ಲಿ ನಾನು ಕಂಡಿದ್ದು ಒಂದು ಹೇಳುತ್ತೇನೆ. ಹೆರಿಗೆ ಆದ ಕೂಡಲೇ ನಾವು ಹೊರಗೆ ಬಂದು ಹೇಳಬೇಕು. ಬೆಂಚಿನ ಮೇಲೆ ಅತ್ತೆ, ಗಂಡ, ನಾದಿನಿ ಕೂತಿರುತ್ತಾರೆ. ಪಕ್ಕದಲ್ಲಿ ಸ್ವೀಟ್ ಅಂಗಡಿಯ ಡಬ್ಬಿ, ದಾರ ಕಟ್ಟಿದ್ದು. ಹೋದ ವರ್ಷ ಒಬ್ಬ ಹುಡುಗಿ, ಮೂರನೇ ಹೆರಿಗೆ, ಮೊದಲಿನ ಎರಡೂ ಹೆಣ್ಣು. ನಾನು ಹೊರಗೆ ಬಂದು "ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ" ಅಂದೆ. ಯಾರೂ ಮಾತಾಡಲಿಲ್ಲ. ಅತ್ತೆ ಆ ಡಬ್ಬಿಯನ್ನು ಎತ್ತಿ ಬ್ಯಾಗಿನೊಳಗೆ ಇಟ್ಟುಕೊಂಡಳು, ದಾರ ಬಿಚ್ಚಲೇ ಇಲ್ಲ. ಒಳಗೆ ಆ ಹುಡುಗಿ ನನ್ನ ಕೈ ಹಿಡಿದುಕೊಂಡು ಕೇಳಿದ್ದು ಮಗುವನ್ನಲ್ಲ, "ಸಿಸ್ಟರ್, ಅವರು ಹೋದರಾ?" ಅಂತ. ಅವತ್ತು ಸಂಜೆ ತನಕ ಅವಳಿಗೆ ಗಂಜಿ ತಂದುಕೊಡುವವರು ಇರಲಿಲ್ಲ. ನಾನು ಮತ್ತು ನಮ್ಮ ಆಯಾ ಸೇರಿ ಕ್ಯಾಂಟೀನಿನಿಂದ ತಂದುಕೊಟ್ಟೆವು.

ಆ ಮಗು ಹುಟ್ಟಿತು, ಸರಿ. ಮುಂದೆ? ಜೀವದ ಪರ ಅಂದರೆ ಆ ಹುಡುಗಿಯ ಪಕ್ಕ ಕೂರುವುದು ಅಂತ ನಾನು ತಿಳಿದಿದ್ದೇನೆ. ಮೈಸೂರಿನಲ್ಲಿ 1906ರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಾಗ ಹೆಂಗಸರಿಗೂ ಮಕ್ಕಳಿಗೂ ಅಂತಲೇ ಕಟ್ಟಿದರು. ಅವರು ಪ್ರೊಟೆಸ್ಟೆಂಟರು, ನಾನು ಕ್ಯಾಥೋಲಿಕಳು, ಆದರೂ ಆ ಬುದ್ಧಿ ನನಗೆ ತುಂಬಾ ಇಷ್ಟ.

ಇನ್ನೊಂದು, ಜೀವ ಅಂದಮೇಲೆ ಪೂರ್ತಿ ಜೀವ. ಮರಣದಂಡನೆ ಒಪ್ಪಲಾಗದು ಅಂತ ಪೋಪ್ ಫ್ರಾನ್ಸಿಸ್ 2018ರಲ್ಲಿ ಧರ್ಮೋಪದೇಶದ ಪುಸ್ತಕದಲ್ಲೇ ತಿದ್ದಿ ಬರೆಸಿದರು. ಮಗ ಕೇಳುವ ಪಾಸ್ಟರ್‌ಗಳಲ್ಲಿ ಎಷ್ಟೋ ಜನ ಗಲ್ಲು ಬೇಕು ಅನ್ನುವವರು ಇರಬಹುದು. ಅದೂ ಸಂಪ್ರದಾಯ, ಇದೂ ಸಂಪ್ರದಾಯ. ನೋಡಿ, ಕಟ್ಟಾ ನಂಬಿಕೆ ಇರುವವರಲ್ಲೇ ಇಷ್ಟು ಬೇರೆ ಬೇರೆ ಇದೆ.

ಪಕ್ಕದ್ಮನೆ

ನಾನು ಕ್ರೈಸ್ತಳಲ್ಲ, ಸುಮ್ನೆ ಓದುತ್ತಿದ್ದೆ. ಸಿಸ್ಟರ್ ಬರೆದದ್ದು ಓದಿ ಕಣ್ಣು ತುಂಬಿತು. ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನಿಮ್ಮ ನಂಬಿಕೆ ನಿಮಗೆ, ನಮ್ಮದು ನಮಗೆ ಅಂತ ಇರಬಹುದಲ್ಲ, ಬೇರೆಯವರನ್ನು ಕರೆಯುವುದು ಯಾಕೆ? ಮತಾಂತರ ಕಾನೂನಿಗೆ ಜನ ಬೆಂಬಲ ಕೊಟ್ಟದ್ದು ಅದಕ್ಕೇ ಅಲ್ವಾ?

ಹಳೇ ಮೇಷ್ಟ್ರು

ತಪ್ಪು ತಿಳಿಯುವ ಮಾತೇ ಇಲ್ಲ. ನೇರ ಕೇಳಿದ್ದಕ್ಕೆ ನೇರ ಹೇಳುತ್ತೇನೆ. ನಮಗೆ ಸುವಾರ್ತೆ ಅಂದರೆ ಒಳ್ಳೆಯ ಸುದ್ದಿ. ಒಳ್ಳೆಯ ಸುದ್ದಿ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಇರು ಅಂದರೆ ನಮ್ಮ ನಂಬಿಕೆಯ ಅರ್ಧ ಹೋಯಿತು. ಅದಕ್ಕೇ ಸಂವಿಧಾನದ 25ನೇ ವಿಧಿಯಲ್ಲಿ ಆಚರಣೆಯ ಜೊತೆಗೆ ಪ್ರಚಾರ ಅನ್ನುವ ಪದವೂ ಇದೆ. 1948ರ ಡಿಸೆಂಬರ್‌ನಲ್ಲಿ ಆ ಪದ ಇರಲಿ ಅಂತ ವಾದ ಮಾಡಿದವರಲ್ಲಿ ಕೆ. ಎಂ. ಮುನ್ಶಿಯವರೂ ಇದ್ದರು, ಸೋಮನಾಥ ದೇವಾಲಯ ಮತ್ತೆ ಕಟ್ಟಿಸಲು ದುಡಿದವರು. ಆಮೇಲೆ 1977ರಲ್ಲಿ ಸ್ಟೇನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ನಂಬಿಕೆಯನ್ನು ತಿಳಿಸುವ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರ ಮಾಡುವುದು ಹಕ್ಕಲ್ಲ ಅಂತ. ಆ ತೀರ್ಪಿನ ಬಗ್ಗೆ ನನಗೆ ತಕರಾರಿದೆ. ಆದರೆ ಆಸೆ ತೋರಿಸಿ, ಹೆದರಿಸಿ, ಅಕ್ಕಿ ಮೂಟೆ ಇಟ್ಟು ಕರೆಯುವುದು ಪಾಪ, ಅದಕ್ಕೆ ಕಾನೂನು ಬೇಕಿಲ್ಲ, ಯೇಸುವೇ ಒಪ್ಪುವುದಿಲ್ಲ. ನಮ್ಮ ಕಡೆ ಕೆಲವರು ಹಾಗೆ ಮಾಡಿದ್ದಾರೆ, ಬೇರೆಯವರ ದೇವರನ್ನು ಹಂಗಿಸಿದ್ದಾರೆ. ಅದಕ್ಕೆ ನಾನು ತಲೆ ತಗ್ಗಿಸುತ್ತೇನೆ. ಕಾನೂನಿನಲ್ಲಿ ನನಗೆ ನೋವಾಗುವುದು ಬೇರೆ. ನನ್ನ ಮನಸ್ಸಾಕ್ಷಿ ಬದಲಾದರೆ ಅದನ್ನು ಮೊದಲು ಸರ್ಕಾರಕ್ಕೆ ಹೇಳಬೇಕು ಅನ್ನುವುದು. ನಾಳೆ ನನ್ನ ಮಗ ಕ್ರೈಸ್ತ ನಂಬಿಕೆ ಬಿಟ್ಟು ಹೋದರೂ ಅವನು ಯಾವ ಆಫೀಸಿಗೂ ಅರ್ಜಿ ಕೊಡುವ ಹಾಗೆ ಆಗಬಾರದು. 2023ರ ಜೂನ್‌ನಲ್ಲಿ ಇದನ್ನು ವಾಪಸ್ ತೆಗೆಯಲು ಸಂಪುಟ ತೀರ್ಮಾನ ಮಾಡಿದಾಗ ನಾನು ಮೊಣಕಾಲೂರಿ ಸ್ತೋತ್ರ ಹೇಳಿದೆ.

ಮೈಸೂರಿನ ಮಾತನ್ನೂ ಹೇಳಿಬಿಡುತ್ತೇನೆ. ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡಿ ಬೆಟ್ಟಕ್ಕೆ ನಡೆದುಕೊಂಡ ಅರಸರು 175 ಅಡಿಯ ಆ ಗೋಪುರಗಳಿಗೂ ಜಾಗ ಮಾಡಿಕೊಟ್ಟರು. ನೀವು ಕೇಳಿದಿರಲ್ಲ ನಿಮ್ಮದು ನಿಮಗೆ ಅಂತ, ಅವರು ಹಾಗೆ ಅಂದುಕೊಂಡಿರಲಿಲ್ಲ.

ಮಳವಳ್ಳಿ ಕಡೆಯವ

ಎಲ್ಲರೂ ಸಂಪ್ರದಾಯ ಕಾಪಾಡಬೇಕು ಅಂತ ಬರೆದಿದ್ದೀರಿ. ಯಾವ ಸಂಪ್ರದಾಯ ಅಂತ ನಾನು ಕೇಳಬೇಕಾಗಿದೆ.

ನಮ್ಮ ತಾತ ಹೊಲೆಗೇರಿಯಲ್ಲಿ ಹುಟ್ಟಿದವರು, ದೀಕ್ಷಾಸ್ನಾನ ತೆಗೆದುಕೊಂಡರು. ಪ್ರಾರ್ಥನೆ, ಉಪವಾಸ, ದಶಮಾಂಶ ಯಾವುದನ್ನೂ ಬಿಟ್ಟವರಲ್ಲ. ನಾನೂ ಹಾಗೇ. ಹೆಂಡ ಮುಟ್ಟಿಲ್ಲ. ಸತ್ಯವೇದದ ಪ್ರತಿ ಅಕ್ಷರ ದೇವರ ಮಾತು ಅಂತ ನಂಬುತ್ತೇನೆ. ಆದರೆ ತಾತ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋದಾಗ ಅಲ್ಲಿನ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸಿದರು. ಊರಿನ ಹೆಸರು ಬೇಡ. ಪ್ರಭು ಭೋಜನದಲ್ಲಿ ಕೊನೆಗೆ ಅವರ ಸರದಿ. ಅದೂ ಒಂದು ಸಂಪ್ರದಾಯವೇ ಆಗಿತ್ತಲ್ಲ.

ಸರ್ಕಾರದ ಲೆಕ್ಕದಲ್ಲಿ 1950ರ ಆದೇಶದ ಪ್ರಕಾರ ನಾವು ಪರಿಶಿಷ್ಟ ಜಾತಿಯಲ್ಲ. ಆದೇಶ ಬಂದಾಗ ಹಿಂದೂಗಳಿಗೆ ಮಾತ್ರ ಅಂತಿತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ನಮ್ಮನ್ನೂ ಮುಸ್ಲಿಮರನ್ನೂ ಬಿಟ್ಟರು. 2022ರಲ್ಲಿ ಈ ವಿಷಯ ನೋಡಲು ನ್ಯಾಯಮೂರ್ತಿ ಬಾಲಕೃಷ್ಣನ್ ಆಯೋಗ ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಮೀಕ್ಷೆ ಬಂತು, ಪಟ್ಟಿಯಲ್ಲಿ ಜಾತಿ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿಸಿದ್ದಕ್ಕೆ ದೊಡ್ಡ ಗಲಾಟೆ ಆಗಿ ಅವನ್ನು ಮರೆ ಮಾಡಿದರು. ನಮ್ಮ ಮನೆಗೆ ಬಂದ ಮೇಡಂ ಬಾಗಿಲಲ್ಲೇ ನಿಂತು ಕೇಳಿದರು, ಧರ್ಮ? ಕ್ರೈಸ್ತ ಅಂದೆ. ಜಾತಿ? ನಮ್ಮಮ್ಮ ಒಳಗಿನಿಂದ "ಯೇಸು ಜಾತಿ ಅಂತ ಬರ್ಕೊಳಮ್ಮ" ಅಂದಳು. ಅವಳ ಮಾತು ನಂಬಿಕೆಯ ಮಾತು, ನನಗೆ ಹೆಮ್ಮೆ. ಆದರೆ ನನ್ನ ತಂಗಿಗೆ ಸ್ಕಾಲರ್‌ಶಿಪ್ ಬೇಕು, ಅದು ಜಾತಿ ನೋಡಿ ಕೊಡುತ್ತಾರೆ. ಬಾಗಿಲಲ್ಲಿ ಐದು ನಿಮಿಷ ನಾವು ಮೂವರೂ ಮಾತಿಲ್ಲದೆ ನಿಂತಿದ್ದೆವು.

ಅಪ್ಪನವರೇ, ನಿಮ್ಮ ಮಗ ಬಡವರಿಗೆ ಸರ್ಕಾರ ಕೊಡುವುದು ಸಮಾಜವಾದ ಅಂದನಲ್ಲ. ಧರ್ಮೋಪದೇಶಕಾಂಡ 24 ಓದಲು ಹೇಳಿ. ಹೊಲ ಕುಯ್ಯುವಾಗ ಮರೆತ ಸಿವುಡನ್ನು ತಿರುಗಿ ತರಬೇಡ, ಅದು ಪರದೇಶಿಗೆ, ತಂದೆಯಿಲ್ಲದವನಿಗೆ, ವಿಧವೆಗೆ ಅಂತ ಕಾನೂನೇ ಇದೆ. ಕೊಟ್ಟರೆ ಕೊಡು ಅಂತಲ್ಲ, ಆಜ್ಞೆ. ನಮ್ಮ ಕಡೆ ಭತ್ತದ ಗದ್ದೆಯಲ್ಲಿ ನಮ್ಮಜ್ಜಿ ತೆನೆ ಆಯ್ದು ಮಕ್ಕಳನ್ನು ಸಾಕಿದ್ದಾಳೆ. ನನ್ನ ಮಟ್ಟಿಗೆ ಇದಕ್ಕಿಂತ ಹಳೇ ಸಂಪ್ರದಾಯ ಇಲ್ಲ.

ಹೆಬ್ಬಾಳ್ ಹುಡುಗ

ಅಣ್ಣ, ಆ ಅಧ್ಯಾಯ ಈಗ ತೆಗೆದು ಓದಿದೆ. ಇದನ್ನು ನನಗೆ ಯಾವ ವಿಡಿಯೋದಲ್ಲೂ ಯಾರೂ ತೋರಿಸಿರಲಿಲ್ಲ.

ಬನ್ನಿಮಂಟಪದ ಅಪ್ಪ

ಹತ್ತು ದಿನ ಆಯಿತು, ಉತ್ತರ ಬರೆಯಲು ತಡ ಆಗಿದ್ದಕ್ಕೆ ಕ್ಷಮಿಸಿ. ಇದನ್ನೆಲ್ಲ ಮಗನಿಗೆ ತೋರಿಸಿದೆ. ಮೊದಲು ಸಿಟ್ಟಾದ, ಮನೆಯ ಮಾತು ಹೊರಗೆ ಹೇಳಿದಿರಿ ಅಂತ. ಅದು ನನ್ನ ತಪ್ಪು, ಕ್ಷಮೆ ಕೇಳಿದೆ. ಆಮೇಲೆ ಓದಿದ. ಮೇಷ್ಟ್ರ 1971ರ ಮಾತು ನಿಜವಾ ಅಂತ ರಾತ್ರಿಯೆಲ್ಲ ಹುಡುಕಿದ. ಬೆಳಿಗ್ಗೆ ಕಾಫಿ ಕುಡಿಯುವಾಗ "ನಿಜ ಅಪ್ಪ" ಅಂದ, ಅಷ್ಟೇ. ಸಿಸ್ಟರ್ ಬರೆದದ್ದನ್ನು ಅವರಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದ. ಡಬ್ಬಿಯ ಜಾಗಕ್ಕೆ ಬಂದಾಗ ನಿಲ್ಲಿಸಿದ. ಇವಳು ಒಲೆ ಆರಿಸಿ ಬಂದು ಅವನ ಪಕ್ಕ ಕೂತಳು.

ಬದಲಾಗಿಬಿಟ್ಟ ಅಂತ ಹೇಳುತ್ತಿಲ್ಲ. ತೆರಿಗೆ ವಿಷಯದಲ್ಲಿ ಇನ್ನೂ ಹಟ ಇದೆ, ಇರಲಿ. ಹೆಬ್ಬಾಳದ ತಮ್ಮ ಬರೆದದ್ದು ನನಗೆ ಚುಚ್ಚಿತು. ನನ್ನ ಮಗನೂ ಯಾವುದೋ ರಾತ್ರಿ ಹಾಗೆ ನೆಲದ ಮೇಲೆ ಕೂತಿದ್ದನಾ ಅಂತ ನಾನು ಯಾವತ್ತೂ ಕೇಳಿಲ್ಲ. ವೋಟಿನ ಮಾತು ಅವನೇ ಮತ್ತೆ ಎತ್ತಿದ, "ನಮ್ಮ ಕ್ಷೇತ್ರದಲ್ಲಿ ನಿಂತವರ ಹತ್ತಿರ ಹೋಗಿ ಹೆಣ್ಣು ಭ್ರೂಣದ ಬಗ್ಗೆ ಏನು ಮಾಡುತ್ತೀರಿ ಅಂತ ಕೇಳಬಹುದಾ?" ಅಂತ. ಕೇಳೋಣ, ಇಬ್ಬರೂ ಹೋಗೋಣ ಅಂದೆ.

ಸಿಸ್ಟರ್, ವಾರ್ಡಿನಲ್ಲಿ ಯಾರೂ ಇಲ್ಲದ ತಾಯಂದಿರಿಗೆ ಊಟ ತಂದುಕೊಡಲು ಹೊರಗಿನವರಿಗೆ ಅವಕಾಶ ಇದೆಯಾ? ನನ್ನ ಹೆಂಡತಿ ಕೇಳಲು ಹೇಳಿದಳು. ಮಂಡ್ಯಕ್ಕೆ ರೈಲಿನಲ್ಲಿ ಬಂದರೆ ಒಂದು ಗಂಟೆ ಅಷ್ಟೇ.

ಲೇಬರ್ ವಾರ್ಡ್ ಸಿಸ್ಟರ್, ಮಂಡ್ಯ

ಸಂಜೆ ಭೇಟಿಯ ಹೊತ್ತಿನಲ್ಲಿ ಬರಬಹುದು. ಗಂಡಸರನ್ನು ಒಳಗೆ ಬಿಡುವುದಿಲ್ಲ, ಅಮ್ಮ ಬರಲಿ. ಗಂಜಿ, ಮೆಂತ್ಯದ ಮುದ್ದೆ, ಬಿಸಿ ನೀರಿನ ಫ್ಲಾಸ್ಕ್, ಅಷ್ಟು ಸಾಕು. ಮಗುವಿಗೆ ಅಂತ ಹಳೇ ಕಾಟನ್ ಸೀರೆ ತೊಳೆದು ಇದ್ದರೆ ತನ್ನಿ, ಅದು ಯಾವಾಗಲೂ ಕಡಿಮೆ ಬೀಳುತ್ತದೆ.

ಹೆಬ್ಬಾಳ್ ಹುಡುಗ

ಅಂಕಲ್, ಶನಿವಾರ ಸಂಜೆ ಆರಕ್ಕೆ ನಾವು ಎಂಟು ಹುಡುಗರು ಒಬ್ಬರ ಮನೆಯಲ್ಲಿ ಸೇರುತ್ತೇವೆ. ಮಗನನ್ನು ಕಳಿಸಿ. ರೋಮಾಪುರದವರಿಗೆ ಬರೆದ ಪತ್ರಿಕೆ ಓದುತ್ತಿದ್ದೇವೆ. ಸರ್ಕಾರದ ಮಾತು ಬರುವುದು 13ನೇ ಅಧ್ಯಾಯದಲ್ಲಿ. ನಾವು ಇನ್ನೂ 12ರಲ್ಲಿದ್ದೇವೆ, ಹಸಿದ ವೈರಿಗೆ ಊಟ ಕೊಡು ಅನ್ನುವ ಜಾಗದಲ್ಲಿ ಎರಡು ವಾರದಿಂದ ನಿಂತಿದ್ದೇವೆ.